ಗಿಡುಗ ನೋಡಲು ಇಬ್ಬರು ಬೇಕು

ನನ್ನ ಭಾವನ ಬಗ್ಗೆ ಹೇಳಬೇಕೆಂದರೆ ಮೊದಲು ಅವರ ಬಾಯಿಯ ಬಗ್ಗೆ ಹೇಳಬೇಕು. ನಮ್ಮದು ಎರಡು ಕುರ್ಚಿಯ ಕ್ಷೌರದಂಗಡಿ. ಬಾಗಿಲ ಹತ್ತಿರದ ಕುರ್ಚಿ ಅವರದು, ಒಳಗಿನದು ನನ್ನದು. ಬೆಳಿಗ್ಗೆ ಷಟರ್ ಎತ್ತಿದ ಗಳಿಗೆಯಿಂದ ರಾತ್ರಿ ದೀಪ ಆರಿಸುವ ತನಕ ಆ ಬಾಯಿಗೆ ಬಿಡುವು ಎಂಬುದಿರಲಿಲ್ಲ. ಬಾಡಿಗೆ ಮನೆಯ ನೀರಿನ ಜಗಳ, ಎದುರು ಅಂಗಡಿಯವನ ಮೂರನೆಯ ಸ್ಕೂಟರು, ಯಾರದೋ ಮಗಳ ಮದುವೆ ಮುರಿದದ್ದು, ಎಲ್ಲದಕ್ಕೂ ಭಾವನ ಹತ್ತಿರ ಒಂದು ಮಾತಿತ್ತು. ಕೂದಲು ಬೆಳೆಯದಿದ್ದವರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನನ್ನ ಕುರ್ಚಿ ಖಾಲಿ ಬಿದ್ದಿದ್ದರೂ ಗಿರಾಕಿಗಳು ‘ಪರವಾಗಿಲ್ಲ, ಕಾಯ್ತೀವಿ’ ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕತ್ತರಿ ನನಗೂ ಹಿಡಿಯಲು ಬರುತ್ತದೆ.

ಆದರೆ ಮನೆಗೆ ಬಂದರೆ ಅದೇ ಮನುಷ್ಯ ಮೂಕ. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೈಕಾಲು ತೊಳೆದು, ಉಂಡು, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಏನು ಕೇಳಿದರೂ ಹೂಂ, ಊಹೂಂ. ನನ್ನ ಅಕ್ಕ ಇಡೀ ದಿನ ಮನೆಯಲ್ಲಿ ಒಬ್ಬಳೇ ಕೂತು ಬಟ್ಟೆಗೆ ಗುಂಡಿ ಹಾಕುವ, ಅಂಚು ಹೊಲಿಯುವ ಕೆಲಸ ಮಾಡುವವಳು. ಅವಳಿಗೆ ಮಾತಿನ ಹಸಿವು. ‘ಊರಿಗೆಲ್ಲ ಬಡಿಸಿ ಮನೆಗೆ ಖಾಲಿ ಪಾತ್ರೆ ತರ್ತಾರೆ ನಿನ್ ಭಾವ’ ಎಂದು ನನ್ನ ಹತ್ತಿರ ನಗುತ್ತಲೇ ದೂರುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಮಾತೂ ಆಗದಿದ್ದರೆ ಆ ಮನೆಯಲ್ಲಿ ಅವಳು ಗೋಡೆ ಜೊತೆ ಮಾತಾಡಬೇಕಿತ್ತು.

ಅವರನ್ನು ಗಿಡುಗದ ಹುಚ್ಚಿಗೆ ಹಚ್ಚಿದ್ದು ನಮ್ಮ ಗಿರಾಕಿಯೇ ಆದ ವಿಜ್ಞಾನದ ಮೇಷ್ಟ್ರು. ಮಳೆ ನಿಂತು, ಗಾಳಿ ದಿಕ್ಕು ಬದಲಿಸಿ, ಮರಗಳು ಎಲೆ ಉದುರಿಸಲು ಶುರುಮಾಡುವ ಕಾಲದಲ್ಲಿ ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಹೊರಟ ಗಿಡುಗಗಳು ಊರ ಹಿಂದಿನ ಉದ್ದನೆಯ ಗುಡ್ಡದ ನೆತ್ತಿಯ ಮೇಲೆ ಹಾದು ಹೋಗುತ್ತವೆ. ಬಿಸಿಲಿಗೆ ಕಾದ ಗಾಳಿ ಮೇಲೇಳುವ ಕಡೆ ಅವು ಸುತ್ತುತ್ತ ಸುತ್ತುತ್ತ ಏರುತ್ತವೆ, ರೆಕ್ಕೆ ಬಡಿಯುವುದೇ ಇಲ್ಲ. ಸಾಕಷ್ಟು ಎತ್ತರ ಸಿಕ್ಕಿತೋ, ಅಲ್ಲಿಂದ ಒಂದೇ ಜಾರು. ಮೇಷ್ಟ್ರು ಪ್ರತಿವರ್ಷ ಅವನ್ನು ಎಣಿಸಿ ಆ ಲೆಕ್ಕವನ್ನು ಎಲ್ಲಿಗೋ ಕಳಿಸುತ್ತಿದ್ದರು. ಕೂದಲು ಕತ್ತರಿಸಿಕೊಳ್ಳುತ್ತ ಒಂದು ದಿನ ಇದನ್ನೆಲ್ಲ ಹೇಳಿದರು. ಭಾವ ಸುಮ್ಮನೆ ನೋಡಿ ಬರುತ್ತೇನೆಂದು ಹೋದವರು ಸಂಜೆ ಮುಖ ಕೆಂಪಗೆ ಮಾಡಿಕೊಂಡು ಬಂದರು. ಬಿಸಿಲಿಗೋ ಖುಷಿಗೋ ನನಗೆ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಶರತ್ಕಾಲ ಬಂದರೆ ಸಾಕು, ರಜೆಯ ದಿನವಷ್ಟೇ ಅಲ್ಲ, ಗಾಳಿ ಚೆನ್ನಾಗಿರುವ ದಿನವೆಲ್ಲ ಅಂಗಡಿ ನನ್ನ ತಲೆಗೆ ಕಟ್ಟಿ ಗುಡ್ಡ ಹತ್ತುತ್ತಿದ್ದರು. ಹಕ್ಕಿ ನೋಡಿದರೆ ಹೊಟ್ಟೆ ತುಂಬುತ್ತದೆಯೇ ಎಂದು ನಾನು ರೇಗುತ್ತಿದ್ದೆ. ಅವರು ಅದನ್ನು ಕಿವಿಯ ಮೇಲೆ ಹಾಕಿಕೊಂಡವರೇ ಅಲ್ಲ.

ಜೊತೆಗೆ ಅಕ್ಕನನ್ನೂ ಕರೆದೊಯ್ಯುತ್ತಿದ್ದರು. ಅದಕ್ಕೆ ಕಾರಣವಿತ್ತು. ಎಣಿಕೆಯಲ್ಲಿ ಮೇಷ್ಟ್ರದು ಒಂದು ಕಟ್ಟುನಿಟ್ಟು: ಒಬ್ಬನ ಕಣ್ಣಿಗೆ ಕಂಡದ್ದು ಲೆಕ್ಕಕ್ಕಿಲ್ಲ. ದೂರದ ಆಕಾಶದಲ್ಲಿ ಚುಕ್ಕೆಯಷ್ಟು ಕಾಣುವ ಹಕ್ಕಿ ಅದು. ಮನಸ್ಸು ಮೋಸ ಮಾಡುತ್ತದೆ. ಹಾಗಾಗಿ ಕಂಡವನು ಜಾಗ ಹೇಳಬೇಕು. ಕೈ ಚಾಚಿ, ಬೆರಳು ಅಡ್ಡ ಹಿಡಿದು, ದೂರದ ಮೊಬೈಲ್ ಟವರಿನ ಬಲಕ್ಕೆ ಎರಡು ಬೆರಳು, ಮೇಲಕ್ಕೆ ಮೂರು ಎಂದು ಹೇಳಬೇಕು. ಪಕ್ಕದವನು ಅಲ್ಲಿ ನೋಡಿ ‘ಕಂಡ್ತು’ ಅನ್ನಬೇಕು. ಆಮೇಲಷ್ಟೇ ಎಣಿಕೆ. ಭಾವನಿಗೆ ಆ ಎರಡನೆಯ ಕಣ್ಣು ನನ್ನ ಅಕ್ಕ.

ಅಕ್ಕನಿಗೆ ಆ ಹಕ್ಕಿಗಳು ಕಾಣುತ್ತಲೇ ಇರಲಿಲ್ಲ. ಇದು ನಮಗೆಲ್ಲ ಗೊತ್ತಾದದ್ದು ಬಹಳ ತಡವಾಗಿ, ಆದರೆ ನಾನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಆಟ ಆಡಿಸುವುದು ನನ್ನ ಜಾಯಮಾನವಲ್ಲ. ಚಿಕ್ಕಂದಿನಿಂದ ಅವಳಿಗೆ ದಪ್ಪ ಕನ್ನಡಕ. ದುರ್ಬೀನು ಕಣ್ಣಿಗಿಟ್ಟರೆ ಕನ್ನಡಕಕ್ಕೆ ಟಕ್ಕೆಂದು ತಾಗುತ್ತಿತ್ತು, ಕನ್ನಡಕ ತೆಗೆದರೆ ಟವರೇ ಕಾಣದು. ತಲೆಯ ಮೇಲೆ ಹಾದುಹೋದ ಹಕ್ಕಿ ಕಾಣುತ್ತಿತ್ತು, ದೂರದ್ದು ಇಲ್ಲ. ಮೊದಲ ವರ್ಷ ಹುಡುಕಿ ಹುಡುಕಿ ಸಾಕಾಗಿ, ಭಾವನ ಮುಖ ಬಾಡುವುದನ್ನು ನೋಡಲಾರದೆ ಒಮ್ಮೆ ‘ಕಂಡ್ತು’ ಅಂದಳಂತೆ. ಆಗ ಭಾವನಿಗೆ ಬಂದ ಹುರುಪು ನೋಡಬೇಕಿತ್ತಂತೆ. ಅದು ಎಲ್ಲಿಂದ ಹೊರಟಿರಬಹುದು, ರಾತ್ರಿ ಎಲ್ಲಿ ಇಳಿಯುತ್ತದೆ, ಏನು ತಿನ್ನುತ್ತದೆ, ಒಂದರ ಹಿಂದೆ ಒಂದು ಮಾತು. ಇಡೀ ಮಧ್ಯಾಹ್ನ, ಅವಳೊಬ್ಬಳ ಜೊತೆ. ಅಂಗಡಿಯ ಬೆಂಚಿಗೆ ಸಿಗುತ್ತಿದ್ದದ್ದು ಅವಳಿಗೂ ಸಿಕ್ಕಿತು. ಅದಕ್ಕಾಗಿ ನನ್ನಕ್ಕ ವರ್ಷಗಟ್ಟಲೆ ಖಾಲಿ ಆಕಾಶ ನೋಡಿ ‘ಕಂಡ್ತು ರೀ’ ಅಂದಳು. ಹಕ್ಕಿ ಹೇಗೂ ಇರುತ್ತಿತ್ತು. ಭಾವನದು ಅಂಥ ಕಣ್ಣು, ಮೇಷ್ಟ್ರೇ ಮೆಚ್ಚಿದ ಕಣ್ಣು. ಅವಳ ಸುಳ್ಳಿನಿಂದ ಯಾರಿಗೂ ಏನೂ ಕೆಡಲಿಲ್ಲ, ಆ ವರ್ಷ ಬರುವ ತನಕ.

ಆ ವರ್ಷ ಮೇಷ್ಟ್ರು ಮಂಡಿಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತಿದ್ದರು. ಗುಡ್ಡದ ಮೇಲೆ ಇವರಿಬ್ಬರೇ. ಸಂಜೆ ಇಳಿದು ಬಂದು ಭಾವ ಫೋನಿನಲ್ಲಿ ಎಣಿಕೆ ಒಪ್ಪಿಸುತ್ತಿದ್ದರು. ಮೊದಮೊದಲು ಎಂದಿನಂತೆ ಇತ್ತು. ಒಂದು ದಿನ ಭಾವ ಬಂದವರೇ ಚಪ್ಪಲಿ ಬಿಡುವುದನ್ನೂ ಮರೆತು, ಇಂಥ ವರ್ಷವನ್ನು ಕಂಡೇ ಇಲ್ಲ ಎಂದರು. ಆಕಾಶದ ತುಂಬ ಗಿಡುಗವಂತೆ. ತುಂಬಾ ಎತ್ತರ, ದುರ್ಬೀನಿಗೆ ನಿಲ್ಲುವುದಿಲ್ಲ, ಆದರೆ ಬರಿಗಣ್ಣಿಗೆ ಎಲ್ಲಿ ನೋಡಿದರೂ ಇವೆಯಂತೆ. ಆ ರಾತ್ರಿ ಅವರು ಮನೆಯಲ್ಲೂ ಮಾತಾಡಿದರು. ಅಕ್ಕ ಮಾರನೆಯ ದಿನ ನನಗೆ ಹೇಳುವಾಗ ಹೊಸ ಮದುಮಗಳಂತೆ ನಾಚಿಕೊಂಡಳು.

ಅಂಗಡಿಯಲ್ಲಿ ಮಾತ್ರ ಭಾವನಿಗೆ ನೊಣದ ಕಾಟ ಶುರುವಾಯಿತು. ಗಿರಾಕಿಗೆ ಬಿಳಿ ಬಟ್ಟೆ ಹೊದಿಸಿ ಕತ್ತರಿ ಹಿಡಿದವರು ನಡುನಡುವೆ ಟವೆಲ್ ಬೀಸುತ್ತಿದ್ದರು. ನನಗೆ ಒಂದೂ ನೊಣ ಕಾಣಲಿಲ್ಲ. ಗಿರಾಕಿ ಇಲ್ಲದವರು ನೊಣ ಹೊಡೆಯುತ್ತಾರೆ, ನೀವು ಗಿರಾಕಿ ಇಟ್ಟುಕೊಂಡು ಹೊಡೆಯುತ್ತಿದ್ದೀರಲ್ಲ ಎಂದು ನಾನು ಕೆಣಕಿದೆ. ಬೆಂಚಿನ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಭಾವನೂ ನಕ್ಕರು. ನೆಲವನ್ನು ಫಿನಾಯಿಲ್ ಹಾಕಿ ತೊಳೆಯಲು ಹೇಳಿದರು, ತೊಳೆದೆ.

ಎಣಿಕೆ ಕೇಳಿದ ಮೇಷ್ಟ್ರಿಗೆ ಮೊದಲು ಸಂತೋಷ, ಆಮೇಲೆ ಮನೆಯಲ್ಲಿ ಕೂರಲಾರದ ಚಡಪಡಿಕೆ. ಜೀವಮಾನದಲ್ಲಿ ಒಮ್ಮೆ ಬರುವಂಥದ್ದು, ಕುಂಟಿಕೊಂಡಾದರೂ ನೋಡುತ್ತೇನೆ ಎಂದು ಹಟ ಹಿಡಿದರು. ಗುಡ್ಡದ ಅರ್ಧದವರೆಗೆ ಜೀಪು ಹೋಗುತ್ತದೆ. ಅಲ್ಲಿಂದ ಅವರನ್ನೂ ಅವರ ಸ್ಟ್ಯಾಂಡಿನ ದೊಡ್ಡ ದುರ್ಬೀನನ್ನೂ ಹತ್ತಿಸಲು ಒಬ್ಬ ಬೇಕು. ಆ ಒಬ್ಬ ಯಾರು? ಮತ್ಯಾರು, ನಾನೇ. ಗೊಣಗುತ್ತಲೇ ಅಂಗಡಿ ಮುಚ್ಚಿ ಹೋದೆ. ಅಷ್ಟು ವರ್ಷದಲ್ಲಿ ನಾನು ಆ ಗುಡ್ಡ ಹತ್ತಿದ್ದು ಅದೇ ಮೊದಲು.

ಮೇಲೆ ಗಾಳಿ ಕಿವಿ ಕಿತ್ತು ಹೋಗುವ ಹಾಗೆ ಬೀಸುತ್ತಿತ್ತು. ಒಣಹುಲ್ಲು ಒಂದೇ ದಿಕ್ಕಿಗೆ ಮಲಗಿತ್ತು. ಒಂದು ಚಪ್ಪಟೆ ಬಂಡೆಯ ಮೇಲೆ ಕಂಬಳಿ ಹಾಸಿಕೊಂಡು ಭಾವ, ಅಕ್ಕ ಅಂಟಿಕೊಂಡು ಕೂತಿದ್ದರು. ಅಕ್ಕನ ಕೈಯಲ್ಲಿ ಹೆಬ್ಬೆರಳಿನಿಂದ ಒತ್ತಿ ಎಣಿಸುವ ಪುಟ್ಟ ಯಂತ್ರ. ಭಾವ ನಮ್ಮನ್ನು ಕಂಡವರೇ ಎದ್ದು ಕೈ ಚಾಚಿ, ಟವರಿನ ಎಡಕ್ಕೆ ನಾಲ್ಕು ಬೆರಳು, ದೊಡ್ಡ ಗುಂಪು ಎಂದರು. ಅಕ್ಕ ಕತ್ತೆತ್ತಿ, ಕಂಡ್ತು ಎಂದು ಟಕಟಕ ಒತ್ತಿದಳು. ನಾನು ನೋಡಿದೆ. ನೀಲಿ ಬಿಟ್ಟರೆ ಬೇರೇನಿಲ್ಲ. ನನಗೆ ಅಭ್ಯಾಸವಿಲ್ಲ, ಅದಕ್ಕೇ ಕಾಣುತ್ತಿಲ್ಲ ಅಂದುಕೊಂಡೆ.

ಮೇಷ್ಟ್ರು ದುರ್ಬೀನು ನಿಲ್ಲಿಸಿ ಅಲ್ಲಿ ನೋಡಿದರು. ಅದರ ಪಕ್ಕ ನೋಡಿದರು. ಇನ್ನೊಮ್ಮೆ ಭಾವ ಬಲಕ್ಕೆ ತೋರಿಸಿದರು, ಅಕ್ಕ ಇನ್ನೊಮ್ಮೆ ‘ಕಂಡ್ತು’ ಅಂದಳು. ಮೇಷ್ಟ್ರು ತುಂಬ ಹೊತ್ತು ಬಗ್ಗಿಯೇ ಇದ್ದರು. ಅವರು ಭಾವನ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟು, ಬಲಗಣ್ಣು ಮುಚ್ಚಿ ನೋಡಪ್ಪ ಎಂದರು.

ಭಾವ ಮುಚ್ಚಿದರು.

“ಈಗ ಇದೆಯಾ?”

“ಇಲ್ಲ.”

“ಎಡಗಣ್ಣು ಮುಚ್ಚು. ಈಗ?”

“ಇದೆ. ಬೇಕಾದಷ್ಟಿದೆ. ಕೆಳಗಡೆ ಯಾವುದೋ ಕಪ್ಪು ಅಡ್ಡ ಬರ್ತಿದೆ, ಅದರ ಮೇಲೆ ಎಲ್ಲಾ ಹಕ್ಕಿ.”

ಮೇಷ್ಟ್ರು ನಿಧಾನವಾಗಿ, ಪಾಠ ಹೇಳುವ ಧ್ವನಿಯಲ್ಲೇ, ಆಕಾಶ ಖಾಲಿಯಿದೆ ಎಂದರು. ಕಣ್ಣಿನ ಹಿಂಭಾಗದ ರೆಟಿನಾ ಎಂಬ ಒಳಪೊರೆ ಹರಿದರೆ ಹೀಗೆ ಚುಕ್ಕೆಗಳು ತೇಲುತ್ತವೆ, ತಮ್ಮ ತಾಯಿಗೂ ಆಗಿತ್ತು, ಈಗಲೇ ಇಳಿಯೋಣ ಎಂದರು. ಭಾವ ಮೊದಲು ನಕ್ಕರು. ಮೇಷ್ಟ್ರೇ, ನನ್ನೊಬ್ಬನ ಕಣ್ಣಲ್ಲ, ಇವಳೂ ನೋಡಿದ್ದಾಳೆ, ದಿನಾ ನೋಡಿದ್ದಾಳೆ ಎಂದು ಅಕ್ಕನ ಕಡೆ ತಿರುಗಿದರು. ಅಕ್ಕನ ಹೆಬ್ಬೆರಳು ಆ ಯಂತ್ರದ ಮೇಲೇ ಇತ್ತು.

“ನಂಗೆ ಕಾಣಿಸ್ಲಿಲ್ಲ ರೀ.”

“ಇವತ್ತಾ?”

“ಯಾವತ್ತೂ.”

ಗಾಳಿಯ ಸದ್ದಿಗೆ ಭಾವನಿಗೆ ಸರಿಯಾಗಿ ಕೇಳಲಿಲ್ಲವೇನೋ ಎಂದು ನಾನು ಆಸೆಪಟ್ಟೆ. ಕೇಳಿತ್ತು. ಅವರು ಬಗ್ಗಿ ಕಂಬಳಿ ಮಡಚತೊಡಗಿದರು. ಇಳಿಯುವಾಗ ಅಕ್ಕ ಕೈ ಹಿಡಿಯಲು ಹೋದಳು, ಅವರು ನನ್ನ ಹೆಗಲು ಹಿಡಿದರು.

ಕಣ್ಣಾಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವರು. ಪೊರೆ ಪೂರ್ತಿ ಬಿಟ್ಟುಕೊಂಡಿದೆ, ಚುಕ್ಕೆ ಕಂಡ ಶುರುವಿನಲ್ಲೇ ಬಂದಿದ್ದರೆ ಉಳಿಸಬಹುದಿತ್ತು, ಈಗ ಆಪರೇಷನ್ ಮಾಡಿದರೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಇಷ್ಟು ದಿನ ಅನುಮಾನವೇ ಬರಲಿಲ್ಲವೇ ಎಂದು ಕೇಳಿದರು. ನಾವು ಮೂವರೂ ಆ ಸಣ್ಣ ಕತ್ತಲೆ ಕೋಣೆಯಲ್ಲಿದ್ದೆವು.

“ಬಂದಿತ್ತು ಡಾಕ್ಟ್ರೇ. ಮೊದಲ ದಿನಾನೇ ಬಂದಿತ್ತು. ಇದು ಗಿಡುಗಾನೋ ಇಲ್ಲ ನನ್ ಕಣ್ಣಲ್ಲಿ ಏನಾದ್ರೂ ಬಿದ್ದಿದೆಯೋ ಅಂತ ಕೇಳಿದ್ದೆ” ಎಂದರು ಭಾವ. ಯಾರನ್ನು ಕೇಳಿದ್ದೆ ಎಂದು ಹೇಳಲಿಲ್ಲ. ಅಕ್ಕ ಗೋಡೆಯ ಮೇಲಿದ್ದ ಅಕ್ಷರಗಳ ಪಟವನ್ನೇ ನೋಡುತ್ತಿದ್ದಳು.

ಬಲಗಣ್ಣು ಹೋಯಿತು. ಎಡಗಣ್ಣಿನಲ್ಲೂ ಪೊರೆ ತೆಳ್ಳಗಿದೆ, ಲೇಸರ್ ಹಾಕಿ ಅಲ್ಲಲ್ಲಿ ಬಿಗಿದಿದ್ದೇವೆ, ಚುಕ್ಕೆ ಕಂಡರೆ ಅದೇ ದಿನ ಬರಬೇಕು, ಮಾರನೆಯ ದಿನವಲ್ಲ ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದರು. ನನ್ನ ತಲೆಯೊಳಗೆ ಆ ಮಾತು ಮೊಳೆ ಹೊಡೆದ ಹಾಗೆ ಕೂತಿತು.

ಮನೆಗೆ ಬಂದ ಮೇಲೆ ಭಾವ ಮಾಡಿದ ಮೊದಲ ಕೆಲಸ ಮೇಷ್ಟ್ರಿಗೆ ಫೋನು ಹಚ್ಚಿದ್ದು. ಈ ವರ್ಷದ ಎಣಿಕೆ ಅಳಿಸಿಬಿಡಿ ಎಂದರು. ಅದು ಸರಿಯೇ. ಹಿಂದಿನ ವರ್ಷಗಳದನ್ನೂ ಅಳಿಸಿ ಎಂದರು. ಎರಡನೆಯ ಕಣ್ಣು ಇವಳದೇ ಇದ್ದ ದಿನಗಳೆಲ್ಲವನ್ನೂ. ಆ ಹಕ್ಕಿಗಳು ಇದ್ದವಲ್ಲಪ್ಪ ಎಂದು ಮೇಷ್ಟ್ರು ಆ ಕಡೆಯಿಂದ ಗೋಗರೆಯುತ್ತಿದ್ದುದು ನನಗೂ ಕೇಳುತ್ತಿತ್ತು. ಇದ್ದವೋ ಇಲ್ಲವೋ, ನೋಡಿದವನು ಒಬ್ಬನೇ, ನಿಯಮ ನಿಮ್ಮದೇ ಎಂದು ಭಾವ ಫೋನು ಇಟ್ಟರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬೈದಿದ್ದರೆ, ಎರಡು ಬಿರುಸು ಮಾತು ಆಡಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಈ ಮನುಷ್ಯ ಅವಳು ಜೊತೆಯಲ್ಲಿ ಕಳೆದ ಅಷ್ಟೂ ಶರತ್ಕಾಲಗಳನ್ನು ತೆಗೆದು ಹಾಕಿಬಿಟ್ಟರು. ನನಗೆ ಭಾವನ ಮೇಲೆ ಅಂಥ ಸಿಟ್ಟು ಅದಕ್ಕೂ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಕಣ್ಣು ಕಳಕೊಂಡವರ ಮೇಲೆ ಸಿಟ್ಟು ತೋರಿಸುವುದು ಹೇಗೆ? ಎದ್ದು ಹೊರಗೆ ಹೋದೆ.

ಒಂದು ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ತಪ್ಪುತ್ತದೆ. ಲೋಟಕ್ಕೆ ಸುರಿದ ನೀರು ಮೇಜಿನ ಮೇಲೆ ಬೀಳುತ್ತಿತ್ತು. ಭಾವ ತಾವಾಗಿಯೇ ರೇಜರನ್ನು ನನ್ನ ಕಡೆ ಸರಿಸಿದರು. ಕತ್ತರಿ ಮಾತ್ರ ಉಳಿಸಿಕೊಂಡರು, ಕಿವಿಯ ಸುತ್ತ ಬಂದಾಗ ನನ್ನನ್ನು ಕೂಗುತ್ತಿದ್ದರು. ಬೆಂಚಿನವರು ಬರುತ್ತಿದ್ದರು, ಸ್ವಲ್ಪ ಹೊತ್ತು ಕೂತು ಏನೋ ಕೆಲಸ ನೆನಪಾಯಿತು ಎಂದು ಏಳುತ್ತಿದ್ದರು. ಭಾವನಿಗೆ ಅಂಗಡಿಯಲ್ಲೂ ಮಾತು ಸತ್ತುಹೋಗಿತ್ತು. ಈಗ ಗಿರಾಕಿಗಳು ನನ್ನ ಕುರ್ಚಿಗೇ ಬರುತ್ತಿದ್ದರು. ಹಿಂದೆ ಅದಕ್ಕಾಗಿ ಎಷ್ಟು ಹೊಟ್ಟೆ ಉರಿದುಕೊಂಡಿದ್ದೆ. ಈಗ ಅವರು ಬಂದು ಕೂತರೆ ಅವರ ಮೇಲೇ ಕೋಪ ಬರುತ್ತಿತ್ತು.

ಮತ್ತೆ ಗಾಳಿ ದಿಕ್ಕು ಬದಲಿಸಿತು. ಭಾವ ಗುಡ್ಡದ ಮಾತೆತ್ತಲಿಲ್ಲ. ಅಕ್ಕನೇ ನನ್ನ ಹತ್ತಿರ ಬಂದಳು. ಸಂಜೆ ಅಂಗಡಿ ಗುಡಿಸುತ್ತಿದ್ದೆ. ಕರ್ಕೊಂಡು ಹೋಗು ಎಂದಳು. ನೀನು ಎರಡನೆಯ ಕಣ್ಣಾಗು, ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ನಿನ್ನ ಬಾಯಿಯನ್ನು ಅವರು ನಂಬುತ್ತಾರೆ ಎಂದಳು. ನನ್ನ ಒರಟು ಬಾಯಿಯನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಅಂಗಡಿಗೆ ಮಧ್ಯಾಹ್ನ ಬೀಗ ಹಾಕಲು ಶುರುಮಾಡಿದೆ.

ಭಾವ ಮೊದಲ ದಿನ ಬಲವಂತಕ್ಕೆ ಬಂದರು. ಅಕ್ಕನೂ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಹಿಂದೆ ಬಂದಳು. ಬಂಡೆಯಿಂದ ಸ್ವಲ್ಪ ದೂರ, ಆಕಾಶಕ್ಕೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ಕೂತು ಗುಂಡಿ ಹೊಲಿಯುತ್ತಿದ್ದಳು. ಅಲ್ಲಿ ನನಗೆ ಗೊತ್ತಾಯಿತು, ಈ ಮನುಷ್ಯನ ಒಂದು ಕಣ್ಣು ನನ್ನ ಎರಡಕ್ಕಿಂತ ಎಷ್ಟು ಮೇಲು ಎಂದು. ಅವರು ಬೆರಳು ಲೆಕ್ಕ ಹೇಳುವರು, ನಾನು ದುರ್ಬೀನು ಅಲ್ಲಾಡಿಸಿ ಅಲ್ಲಾಡಿಸಿ ಕೊನೆಗೆ ಹಿಡಿಯುವೆ. ಸಿಗದಿದ್ದರೆ ಇಲ್ಲ ಎನ್ನುವೆ. ಇಲ್ಲ ಎಂದಾಗ ಅವರು ಮುಖ ಬಾಡಿಸಲಿಲ್ಲ, ಇನ್ನೂ ಚೆನ್ನಾಗಿ ಜಾಗ ಹೇಳಿದರು. ಒಂದು ಹೆಣ್ಣು ಗಿಡುಗ ನಮ್ಮ ತಲೆಯ ಮೇಲೆ ಬಾಲ ಬಿಚ್ಚಿ ನಿಂತಾಗ, ಅದರ ಎದೆಯ ಕಂದು ಗೆರೆಗಳು ಕಂಡಾಗ, ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಷ್ಟು ವರ್ಷ ಬೈದದ್ದಕ್ಕೆ ನನಗೇ ನಗು ಬಂತು. ಭಾವ ಮೆಲ್ಲಗೆ ಮಾತಿಗೆ ಬಂದರು. ನನಗೆ ಹೇಳುವಂತೆ ಹೇಳುತ್ತಿದ್ದರು, ಆದರೆ ಧ್ವನಿ ಬೆನ್ನು ಹಾಕಿ ಕೂತವಳಿಗೂ ತಲುಪುವಷ್ಟು ಎತ್ತರದಲ್ಲಿರುತ್ತಿತ್ತು. ಅಕ್ಕನ ಸೂಜಿ ಆಗಾಗ ನಿಲ್ಲುತ್ತಿತ್ತು. ಎಲ್ಲ ಸರಿಹೋದೀತು ಎಂದು ನಾನು ನಂಬತೊಡಗಿದ್ದೆ. ಇನ್ನೆರಡು ವಾರ ಗಾಳಿ ಹೀಗೇ ಬೀಸಲಿ, ಇವರಿಬ್ಬರೂ ಒಂದೇ ಕಂಬಳಿಯ ಮೇಲೆ ಕೂರುತ್ತಾರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಆ ದಿನ ಬೆಳಿಗ್ಗೆ ಮೋಡವಿತ್ತು, ಮಧ್ಯಾಹ್ನ ಪೂರ್ತಿ ತಿಳಿಯಾಯಿತು. ಭಾವ ಇದ್ದಕ್ಕಿದ್ದಂತೆ ಎದ್ದು ನಿಂತು, ಟವರಿನ ಮೇಲೆ ಎರಡು ಬೆರಳು, ದೊಡ್ಡ ಗುಂಪು ಎಂದರು. ನಾನು ದುರ್ಬೀನು ಎತ್ತಿದೆ. ನೀಲಿ. ಒಂದು ಬೆರಳು ಮೇಲೆ ನೋಡಿದೆ, ಕೆಳಗೆ ನೋಡಿದೆ. ನೀಲಿ. ಬಂಡೆಯ ಮೇಲೆ ಮೊಣಕೈ ಊರಿ ಮತ್ತೆ ನೋಡಿದೆ. ದೇವರೇ, ಒಂದೇ ಒಂದು ಹಕ್ಕಿ, ಕಾಗೆಯಾದರೂ ಪರವಾಗಿಲ್ಲ ಎಂದು ಬೇಡಿಕೊಂಡೆ.

“ಇದೆಯೇನೋ?”

ಅಕ್ಕ ಹೊಲಿಗೆ ಬಿಟ್ಟು ಎದ್ದು ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

“ಇಲ್ಲ ಭಾವ. ಏನೂ ಇಲ್ಲ.”

“ಸರಿಯಾಗಿ ನೋಡು.”

“ನೋಡಿದೆ ಭಾವ. ಇಲ್ಲ. ನಡೀರಿ, ಹೋಗೋಣ.”

ಅವರು ಅಲ್ಲಾಡಲಿಲ್ಲ. ಕತ್ತನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಆ ಚುಕ್ಕೆಗಳು ಅವರ ನೋಟದ ಜೊತೆಗೇ ಸರಿದಿರಬೇಕು. ಆಗ ಅವರಿಗೂ ಖಾತ್ರಿಯಾಯಿತು.

“ಒಂದು ನಿಮಿಷ ಇರು, ನೋಡಿಬಿಡ್ತೀನಿ” ಎಂದರು.

ನಾನು ಕೈ ಹಿಡಿದು ಎಳೆಯಲು ಹೋದೆ. ಅಕ್ಕ ಕಣ್ಣಲ್ಲೇ ನನ್ನನ್ನು ತಡೆದಳು. ಅವಳು ಬಂದು ಅವರ ಪಕ್ಕ ನಿಂತಳು, ಆ ಶರತ್ಕಾಲದಲ್ಲಿ ಮೊದಲ ಸಲ ಆಕಾಶ ನೋಡಿದಳು. ಭಾವ ಅವಳಿಗೆ ಹೇಳಿದರು. ಒಂದು ವರ್ಷದಿಂದ ಉಪ್ಪು ಕೊಡು, ನೀರು ಕೊಡು ಬಿಟ್ಟರೆ ಬೇರೆ ಮಾತಾಡದವರು, ಅವಳಿಗೇ ಹೇಳಿದರು. ನೂರಾರಿವೆ ಎಂದರು. ಒಂದರ ಮೇಲೊಂದು ಸುತ್ತುತ್ತಿವೆ, ಒಂದೂ ರೆಕ್ಕೆ ಬಡಿಯುತ್ತಿಲ್ಲ, ಕೆಲವು ಆಗಲೇ ದಕ್ಷಿಣಕ್ಕೆ ಜಾರುತ್ತಿವೆ ಎಂದರು.

“ನಂಗೆ ಕಾಣ್ತಿಲ್ಲ ರೀ” ಎಂದಳು ಅಕ್ಕ. ಗಟ್ಟಿಯಾಗಿ ಅಳುತ್ತಿದ್ದಳು.

“ಗೊತ್ತು. ಸುಮ್ನೆ ಹೇಳ್ತಿದೀನಿ.”

ಆಮೇಲೆ ಅವರಾಗಿಯೇ ತಿರುಗಿ, ನಡೀರಿ ಎಂದರು. ಇಳಿಯುವಾಗ ಅಕ್ಕನ ಕೈ ಹಿಡಿದರು. ಜೀಪಿನವನಿಗೆ ನಾನು ಮೊದಲೇ ಕೆಳಗೆ ಕಾಯಲು ಹೇಳಿದ್ದೆ, ದಿನಾ ಹೇಳಿರುತ್ತಿದ್ದೆ. ಸಂಜೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರು ಅದೇ ರಾತ್ರಿ ಆಪರೇಷನ್ನಿಗೆ ಕರೆದೊಯ್ದರು. ಇಷ್ಟು ಬೇಗ ಯಾರೂ ಬರುವುದಿಲ್ಲ, ಒಳ್ಳೆಯ ಕೆಲಸ ಮಾಡಿದಿರಿ ಎಂದು ನನ್ನ ಬೆನ್ನು ತಟ್ಟಿದರು. ನಾನು ಬೆಂಚಿನ ಮೇಲೆ ಕೂತು ಹೆಮ್ಮೆಪಟ್ಟೆ, ನಾಚಿಕೆಯಿಲ್ಲದೆ ಹೆಮ್ಮೆಪಟ್ಟೆ. ನನ್ನ ಒಂದು ‘ಇಲ್ಲ’ದಿಂದ ಭಾವನ ಕಣ್ಣು ಉಳಿಯಿತು ಅಂದುಕೊಂಡೆ.

ಉಳಿಯಲಿಲ್ಲ. ಕೂಡಿಸಿದ ಪೊರೆ ಮತ್ತೆ ಬಿಟ್ಟುಕೊಂಡಿತು. ಇನ್ನೊಮ್ಮೆ ಕೂಡಿಸಿದರು. ಒಳಗೆ ಗಾಯದ ಕಲೆ ಬೆಳೆದು ಎಳೆಯುತ್ತಿದೆ, ಕೆಲವರ ಕಣ್ಣಿನ ಗುಣವೇ ಹಾಗೆ, ಯಾರ ತಪ್ಪೂ ಅಲ್ಲ ಎಂದರು. ಚಳಿ ಪೂರ್ತಿ ಇಳಿದ ಮೇಲೆ ಕೊನೆಯ ಪಟ್ಟಿ ಬಿಚ್ಚಿದರು. ಡಾಕ್ಟರು ಟಾರ್ಚ್ ಹಿಡಿದು, ಬೆಳಕು ಯಾವ ಕಡೆಯಿಂದ ಬರುತ್ತಿದೆ ಹೇಳಿ ಎಂದರು. ಭಾವ ತುಂಬ ಹೊತ್ತು ಯೋಚಿಸಿ, ಗೊತ್ತಾಗ್ತಿಲ್ಲ ಎಂದರು. ಪರೀಕ್ಷೆಯಲ್ಲಿ ಉತ್ತರ ಬಾರದವರ ಹಾಗೆ ಸಣ್ಣಗೆ ನಕ್ಕರು.

ನಾನು ಅಕ್ಕನನ್ನು ಹೊರಗೆ ಕರೆದುಕೊಂಡು ಬಂದು ಬೆಂಚಿನ ಮೇಲೆ ಕೂರಿಸಿದೆ. ಓಣಿಯಲ್ಲಿ ಫಿನಾಯಿಲ್ ವಾಸನೆ, ಚೀಟಿ ಹಿಡಿದು ಕಾಯುವ ಜನ. ಅವಳಿಗೆ ಏನಾದರೂ ಹೇಳಬೇಕಿತ್ತು. ಒಂದು ವರ್ಷದಿಂದ ಅವಳು ಆ ಮೊದಲ ಕಣ್ಣನ್ನು ತಾನೇ ಕಿತ್ತವಳ ಹಾಗೆ ಬದುಕಿದ್ದಳು. ನೋಡಕ್ಕ, ಈ ಸಲ ನಿಜವನ್ನೇ ಹೇಳಿದೆವು, ಅದೇ ದಿನ ಬಂದೆವು, ಆದರೂ ಹೋಯಿತು, ಹಾಗಾದರೆ ಆ ಮೊದಲನೆಯದೂ ಹೋಗುವ ಕಣ್ಣೇ ಇರಬೇಕು, ನಿನ್ನ ಮಾತಿನಿಂದ ಹೋದದ್ದಲ್ಲ ಎಂದೆ. ಅದು ನಿಜವೋ ಅಲ್ಲವೋ ನನಗೂ ಗೊತ್ತಿಲ್ಲ. ಅವಳಿಗೆ ಸ್ವಲ್ಪ ಹಗುರಾಗಲಿ ಎಂದೆ, ಅಷ್ಟೇ.

ಅಕ್ಕ ನನ್ನನ್ನೇ ನೋಡಿದಳು.

“ಹೋಗೋ ಕಣ್ಣೇ ಆಗಿದ್ರೆ ಆವತ್ತು ಕಂಡ್ತು ಅನ್ನಬಹುದಿತ್ತಲ್ಲೋ. ಇನ್ನೆರಡು ದಿನ ನೋಡ್ಕೊಂಡಿರ್ತಿದ್ರು.”

ಒಳಗಿನಿಂದ ಭಾವ ಅವಳನ್ನು ಕೂಗಿದರು. ಬಂದೆ ರೀ ಎಂದು ಅವಳು ಎದ್ದಳು. ಬಾಗಿಲ ಹತ್ತಿರ ನಿಂತು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು, ಕೆನ್ನೆ ಒರೆಸಿಕೊಂಡಳು, ಅತ್ತದ್ದು ಗೊತ್ತಾಗದ ಹಾಗೆ ಮುಖ ಸರಿಮಾಡಿಕೊಂಡು ಅವರ ಹತ್ತಿರ ಹೋದಳು.